ಬೆಂಗಳೂರಿನಲ್ಲಿ ಲೈವ್ ಸಂಗೀತ ಎಲ್ಲೆಲ್ಲಿ ಕೇಳಬಹುದು? ಹುಡುಕುವುದು ಹೇಗೆ?

ನಿಮಗೆ ಯಾವ ಸಂಗೀತ ಬೇಕು ಅನ್ನುವುದರ ಮೇಲೆ ಹೋಗಬೇಕಾದ ದಿಕ್ಕೇ ಬದಲಾಗುತ್ತದೆ.

ಶಾಸ್ತ್ರೀಯ ಸಂಗೀತವಾದರೆ ಹಳೇ ಬಡಾವಣೆಗಳ ಕಡೆ ಹೋಗಿ. ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ ಶುರುವಾಗಿದ್ದು 1905ರಲ್ಲಿ. ಅಲ್ಲಿ ಇವತ್ತಿಗೂ ಕಛೇರಿಗಳು ನಡೆಯುತ್ತವೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದ ಕಟ್ಟಡ, ಕಛೇರಿ ಇಲ್ಲದಿದ್ದರೂ ನೋಡಿ ಬರಬಹುದು. ರಾಮನವಮಿ ಬಂತೆಂದರೆ ಮಾತ್ರ ಬೇರೆ ಯೋಚನೆಯೇ ಬೇಡ: ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಚಪ್ಪರ ಏಳುತ್ತದೆ. ಸುಮಾರು ಒಂದು ತಿಂಗಳು ದೊಡ್ಡ ದೊಡ್ಡ ವಿದ್ವಾಂಸರ ಸಾಲು. ಹೆಸರಾಂತ ಕಲಾವಿದರಿದ್ದ ದಿನ ಸ್ವಲ್ಪ ಬೇಗ ಹೋಗಿ ಕುರ್ಚಿ ಹಿಡಿಯಿರಿ.

ಇವೆಲ್ಲ ಆ್ಯಪ್‌ಗಳಲ್ಲಿ ಸರಿಯಾಗಿ ಸಿಗುವುದಿಲ್ಲ. ಕನ್ನಡ ದಿನಪತ್ರಿಕೆಯಲ್ಲಿ ‘ನಗರದಲ್ಲಿ ಇಂದು’ ಅಂಕಣ ತೆಗೆದರೆ ಸ್ಥಳ, ಸಮಯ, ಪಕ್ಕವಾದ್ಯದವರ ಹೆಸರು ಸಮೇತ ಇರುತ್ತದೆ.

ಬ್ಯಾಂಡ್ ಬೇಕೆಂದರೆ ಇಂದಿರಾನಗರ, ಕೋರಮಂಗಲದ ಪಬ್‌ಗಳು. ಜಾಜ್‌ಗೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಪಬ್. ಪಬ್‌ಗಳ ವಿಷಯದಲ್ಲಿ ಹಳೇ ಪಟ್ಟಿಗಳನ್ನು ನಂಬಬೇಡಿ. ಇಂದಿರಾನಗರದ ಹೆಸರುವಾಸಿ ಹಮ್ಮಿಂಗ್ ಟ್ರೀ 2019ರಲ್ಲೇ ಬಾಗಿಲು ಹಾಕಿತು. ಜಾಗದ ಬದಲು ನಿಮಗಿಷ್ಟವಾದ ಬ್ಯಾಂಡನ್ನೇ ಇನ್‌ಸ್ಟಾಗ್ರಾಂನಲ್ಲಿ ಫಾಲೋ ಮಾಡಿ, ಅವರು ಎಲ್ಲಿ ನುಡಿಸುತ್ತಾರೋ ಅಲ್ಲಿಗೆ ಹೋಗಿ. ಹೊರಡುವ ಮೊದಲು ಒಂದು ಫೋನ್ ಮಾಡಿ ಕವರ್ ಚಾರ್ಜ್ (ಪ್ರವೇಶಕ್ಕೆ ಕೊಡಬೇಕಾದ ಹಣ) ಎಷ್ಟು, ನುಡಿಸುವುದು ನಿಜಕ್ಕೂ ಬ್ಯಾಂಡೋ ಡಿಜೆಯೋ ಕೇಳಿಬಿಡಿ. ‘ಲೈವ್’ ಅಂತ ಬೋರ್ಡ್ ಹಾಕಿ ಪೆನ್‌ಡ್ರೈವ್ ಹಚ್ಚುವವರೂ ಇದ್ದಾರೆ!

ಜೇಬಿಗೆ ಹೊರೆ ಬೇಡವೆಂದರೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ನೋಡಿ. ಅಲ್ಲಿ ಬಹಳಷ್ಟು ಕಾರ್ಯಕ್ರಮ ಉಚಿತ. ವೆಬ್‌ಸೈಟಿನಲ್ಲಿ ಮೊದಲೇ ಹೆಸರು ನೋಂದಾಯಿಸಿದ್ದರೆ ಒಳ್ಳೆಯದು.