ಊಟಿ ಗಾರ್ಡನ್ ಪಕ್ಕ ಒಂದು ರಾತ್ರಿ: ರೂಮು, ಚಳಿ, ಗಿಡ ಎಲ್ಲಕ್ಕೂ ಸೇರಿಸಿ ಉತ್ತರ

ಅಕ್ಕಾ, ನಮ್ಮ ಗಿಡ ಬೆಳೆಸುವವರ ಗುಂಪಿನಲ್ಲಿ ನೀವು ಮೂರು ವಿಷಯ ಕೇಳಿದ್ದೀರಿ. ಡಿಸೆಂಬರ್ ಕೊನೆ ವಾರ ಅತ್ತೆ ಮತ್ತು ಎರಡು ಮಕ್ಕಳನ್ನು ಕರೆದುಕೊಂಡು ಮೈಸೂರಿನಿಂದ ಕಾರಿನಲ್ಲಿ ಊಟಿಗೆ ಹೋಗುತ್ತಿದ್ದೀರಿ. ಬೊಟಾನಿಕಲ್ ಗಾರ್ಡನ್ ಪಕ್ಕದ ರೆಸಾರ್ಟ್‌ಗೆ ಒಂದು ರಾತ್ರಿಗೆ ಅಷ್ಟು ದುಡ್ಡು ಕೊಡಬಹುದಾ, ಗಾರ್ಡನ್ ಒಳಗೆ ಏನು ನೋಡಬೇಕು, ಬರುವಾಗ ಯಾವ ಗಿಡ ತರಬೇಕು. ಮೇಲೆ ತುಂಬಾ ಜನ "ಸೂಪರ್ ಜಾಗ, ಹೋಗಿ ಬನ್ನಿ" ಅಂತ ಬರೆದಿದ್ದಾರೆ. ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ಮೂರು ಸಲ ಹೋಗಿದ್ದೇನೆ, ಅದರಲ್ಲಿ ಒಂದು ಸಲ ಸರಿಯಾಗಿ ಪೆಟ್ಟು ತಿಂದಿದ್ದೇನೆ.

ಮೊದಲು ರೂಮು. ಪಕ್ಕದಲ್ಲೇ ಉಳಿಯಿರಿ, ಆದರೆ ಗೇಟಿಗೆ ನಿಜವಾಗಿ ಪಕ್ಕದಲ್ಲಿದ್ದರೆ ಮಾತ್ರ. ಅಲ್ಲಿ ಜಾಸ್ತಿ ದುಡ್ಡು ಕೊಡುವುದು ರೂಮಿಗಲ್ಲ, ಬೆಳಿಗ್ಗೆ ಗಾರ್ಡನ್‌ನಲ್ಲಿ ಸಿಗುವ ಎರಡು ಗಂಟೆಗಳ ಹೊತ್ತಿಗೆ. ನಾವು ಹೋದಾಗ ಏಳಕ್ಕೆ ಟಿಕೆಟ್ ಕೌಂಟರ್ ತೆಗೆದಿದ್ದರು. ಒಂಬತ್ತರವರೆಗೆ ಇಡೀ ಹುಲ್ಲುಹಾಸಿನ ಮೇಲೆ ನಾವು, ಹತ್ತಿಪ್ಪತ್ತು ಜನ ವಾಕಿಂಗ್‌ನವರು ಮತ್ತು ಮಾಲಿಗಳು ಅಷ್ಟೇ. ಹತ್ತಾಯಿತು ನೋಡಿ, ಬಸ್ಸುಗಳು ಬಂದು ನಿಂತವು, ಶಾಲೆ ಟ್ರಿಪ್ಪಿನ ಮಕ್ಕಳು ಸಾಲುಗಟ್ಟಿದರು, ಆಮೇಲೆ ಒಂದು ಮರದ ಹೆಸರಿನ ಫಲಕ ಓದಬೇಕು ಅಂದರೂ ಯಾರದೋ ಸೆಲ್ಫಿ ಮುಗಿಯುವವರೆಗೆ ಕಾಯಬೇಕು. ಊರಿನ ಇನ್ನೊಂದು ಮೂಲೆಯಲ್ಲಿ ಉಳಿದುಕೊಂಡರೆ ಮಕ್ಕಳನ್ನು ಎಬ್ಬಿಸಿ, ಸ್ನಾನ, ತಿಂಡಿ ಎಲ್ಲಾ ಮುಗಿಸಿ, ಟ್ರಾಫಿಕ್ ದಾಟಿ ಗೇಟಿಗೆ ಬರುವ ಹೊತ್ತಿಗೆ ಹತ್ತೂವರೆ ಗ್ಯಾರಂಟಿ.

ಈಗ ನಾನು ಪೆಟ್ಟು ತಿಂದ ಕಥೆ. ಎರಡನೇ ಸಲ ಬುಕ್ ಮಾಡಿದ ಜಾಗದ ಹೆಸರು ಹೇಳುವುದಿಲ್ಲ. "ಗಾರ್ಡನ್‌ಗೆ ಅಂಟಿಕೊಂಡಂತೆ, ಗಾರ್ಡನ್ ವ್ಯೂ" ಅಂತ ಹಾಕಿದ್ದರು. ಅಂಟಿಕೊಂಡಿದ್ದು ನಿಜ, ಆದರೆ ಗಾರ್ಡನ್‌ನ ಹಿಂಬದಿಗೆ. ಗೇಟಿಗೆ ಬರಬೇಕಾದರೆ ಗುಡ್ಡ ಸುತ್ತಿಕೊಂಡು ಬರಬೇಕು. ವ್ಯೂ ಕೂಡ ಇತ್ತು, ಬಚ್ಚಲುಮನೆಯ ವೆಂಟಿಲೇಟರ್‌ನಿಂದ. ರೂಮು ಇಳಿಜಾರಿನ ಕೆಳಗೆ, ಪಾರ್ಕಿಂಗ್‌ನಿಂದ ನಲವತ್ತು ಚಿಲ್ಲರೆ ಮೆಟ್ಟಿಲು. ನಮ್ಮಮ್ಮ ಅರ್ಧದಲ್ಲಿ ಕೂತುಬಿಟ್ಟರು. ಕಂಬಳಿ ಮುಟ್ಟಿದರೆ ತಣ್ಣಗೆ, ಒದ್ದೆಯಾ ಚಳಿಯಾ ಅಂತಲೇ ಗೊತ್ತಾಗುತ್ತಿರಲಿಲ್ಲ. ಹೀಟರ್ ಕೇಳಿದರೆ ರಾತ್ರಿಗೆ ಇಷ್ಟು ಅಂತ ಬೇರೆ ಬಿಲ್ಲು. ಬಿಸಿನೀರು ಬೆಳಿಗ್ಗೆ ಏಳರಿಂದ ಒಂಬತ್ತು ಮಾತ್ರ, ಅಂದರೆ ನಾನು ಗಾರ್ಡನ್‌ನಲ್ಲಿ ಇರಬೇಕಾದ ಹೊತ್ತಿಗೇ ಸರಿಯಾಗಿ!

ಹಾಗಾಗಿ ಆ್ಯಪ್‌ನಲ್ಲಿ ಸ್ಟಾರ್ ನೋಡಿ ಬುಕ್ ಮಾಡಬೇಡಿ, ಫೋನ್ ಮಾಡಿ ಕೇಳಿ. ಗಾರ್ಡನ್ ಮುಖ್ಯ ಗೇಟಿಗೆ ನಡೆದರೆ ಎಷ್ಟು ನಿಮಿಷ? ಕಾರು ನಿಲ್ಲಿಸಿದಲ್ಲಿಂದ ರೂಮಿಗೆ ಎಷ್ಟು ಮೆಟ್ಟಿಲು? ಹೀಟರ್ ಬಾಡಿಗೆಯಲ್ಲೇ ಸೇರಿದೆಯಾ, ಕರೆಂಟ್ ಹೋದರೆ ಜನರೇಟರ್ ಮೇಲೆ ಹೀಟರ್ ಓಡುತ್ತದಾ? (ಬಹಳ ಕಡೆ ದೀಪ ಮಾತ್ರ ಉರಿಯುತ್ತದೆ.) ಬಿಸಿನೀರು ಎಷ್ಟು ಹೊತ್ತಿಗೆ? ಇನ್ನೊಂದು, ತಗ್ಗಿನ ರೂಮು ಬೇಡ, ಸ್ವಲ್ಪ ಎತ್ತರದ್ದು ಕೊಡಿ ಅನ್ನಿ. ಚಳಿಗಾಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ನೀರಿನ ಥರ ಕೆಳಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಇಳಿಜಾರಿನ ಮಧ್ಯದಲ್ಲಿ ಅದಕ್ಕಿಂತ ಚಳಿ ಕಡಿಮೆ. ಗಿಡ ಬೆಳೆಸುವವರಿಗೆ ಇದು ಗೊತ್ತಿರುತ್ತದೆ, ರೂಮು ಬುಕ್ ಮಾಡುವಾಗ ಮಾತ್ರ ಮರೆತುಹೋಗುತ್ತದೆ.

ಡಿಸೆಂಬರ್ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಕೋಬೇಡಿ. ಹೂವು ನೋಡೋಕೆ ಇದು ಕಾಲವಲ್ಲ. ಅಲ್ಲಿ ಸೀಸನ್ ಎರಡು: ಏಪ್ರಿಲ್-ಮೇ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್. ಫ್ಲವರ್ ಶೋ ಮೇನಲ್ಲಿ. ಡಿಸೆಂಬರ್‌ನಲ್ಲಿ ಮಡಿಗಳು ಬಹುಪಾಲು ಬೋಳು, ಇಲ್ಲ ಸಸಿ ನೆಟ್ಟು ಮುಚ್ಚಿರುತ್ತಾರೆ. ಹೂವು ಬೇಕಾದರೆ ಗಾಜಿನ ಮನೆಯೊಳಗೆ ಹೋಗಬೇಕು.

ಆದರೆ ಚಳಿಗಾಲದಲ್ಲಿ ಮಾತ್ರ ಸಿಗುವುದು ಒಂದಿದೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮೋಡವಿಲ್ಲದ ರಾತ್ರಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುವುದುಂಟು. ಆಗ ಇಬ್ಬನಿ ಹುಲ್ಲಿನ ಮೇಲೇ ಹೆಪ್ಪುಗಟ್ಟುತ್ತದೆ. ಮೊದಲನೇ ಸಲ ಹೋದಾಗ ನಾನು ಇದನ್ನು ನೋಡಿದೆ. ಗೇಟು ದಾಟಿದ ಮೇಲೆ ಕೆಳಗಿನ ದೊಡ್ಡ ಹುಲ್ಲುಹಾಸು ಉಪ್ಪು ಚೆಲ್ಲಿದ ಹಾಗೆ ಬಿಳಿ. ಒಬ್ಬ ಮಾಲಿ ಪೈಪ್ ಹಿಡಿದು ಆ ಚಳಿಯಲ್ಲಿ ಸಸಿಗಳಿಗೆ ನೀರು ಬಿಡುತ್ತಿದ್ದರು. ಇದೇನು, ಇನ್ನೂ ತಣ್ಣಗಾಗುವುದಿಲ್ವಾ ಅಂತ ಕೇಳಿದೆ. ಬಿಸಿಲು ಬೀಳುವ ಮೊದಲೇ ಹಿಮ ತೊಳೆದುಬಿಡಬೇಕು, ಹೆಪ್ಪುಗಟ್ಟಿದ ಎಲೆಯ ಮೇಲೆ ಏಕಾಏಕಿ ಬಿಸಿಲು ಬಿದ್ದರೆ ಸುಟ್ಟು ಕಪ್ಪಾಗುತ್ತದೆ ಅಂದರು. ಒಂದು ಮೂಲೆಯಲ್ಲಿ ಮುಚ್ಚದೆ ಬಿಟ್ಟಿದ್ದ ಸಸಿ ತೋರಿಸಿದರು, ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಅವರು ಬಡಗರು, ನೀಲಗಿರಿಯಲ್ಲಿ ನೆಲೆಸಿರುವ ಸಮುದಾಯದವರು. ಅವರು ಬಡಗ ಭಾಷೆಯಲ್ಲಿ, ನಾನು ಮೈಸೂರು ಕನ್ನಡದಲ್ಲಿ, ಹತ್ತು ನಿಮಿಷ ಮಾತಾಡಿದೆವು, ಮುಕ್ಕಾಲು ಪಾಲು ಅರ್ಥವಾಯಿತು. ಬಡಗ ಅಂದರೇ ಬಡಗಣ ಕಡೆಯವರು, ಅಂದರೆ ಉತ್ತರದವರು. ಆ ಭಾಷೆ ನಮ್ಮ ಕನ್ನಡಕ್ಕೆ ತೀರಾ ಹತ್ತಿರ. ನಿಮ್ಮ ಅತ್ತೆಯವರನ್ನು ಮಾತಿಗೆ ಬಿಡಿ, ನಮಗಿಂತ ಚೆನ್ನಾಗಿ ಹಿಡಿಯುತ್ತಾರೆ. ಹಳೇ ಕಾಲದವರಿಗೆ ಅದು ಸುಲಭ.

ಒಳಗೆ ಏನು ನೋಡಬೇಕು ಅಂದರೆ, ಲಾಲ್‌ಬಾಗ್ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಲಾಲ್‌ಬಾಗ್ 240 ಎಕರೆ, ಹೆಚ್ಚುಕಡಿಮೆ ಮಟ್ಟಸ. ಇದು 55 ಎಕರೆ, ದೊಡ್ಡಬೆಟ್ಟದ ಕೆಳ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅತ್ತೆಯವರಿಗೆ ಕೆಳಗಿನ ಹುಲ್ಲುಹಾಸು, ಗಾಜಿನ ಮನೆ ಸಾಕು. ಮೇಲಕ್ಕೆ ಹತ್ತಿಸಬೇಡಿ, ಆ ಎತ್ತರಕ್ಕೆ ನಮಗೇ ಏದುಸಿರು ಬರುತ್ತದೆ. ಕೆಳಭಾಗದಲ್ಲೇ ಎರಡು ಕೋಟಿ ವರ್ಷ ಹಳೆಯದು ಅಂತ ಫಲಕ ಹಾಕಿರುವ ಕಲ್ಲಾದ ಮರದ ದಿಮ್ಮಿ ಇದೆ, ಮಕ್ಕಳಿಗೆ ತೋರಿಸಿ. ನನ್ನ ಮಗ ಅದನ್ನು ನೋಡಿ ಇದು ಕಟ್ಟಿಗೆ ಅಲ್ವಾ ಅಂತ ಎರಡು ಸಲ ಕೇಳಿದ. ಮಂಕಿ ಪಜಲ್ ಮರ ಹುಡುಕಿ, ಅದರ ಎಲೆ ಚೂಪು, ಕೋತಿಗೂ ಹತ್ತೋಕೆ ಆಗಲ್ಲ ಅಂತ ಆ ಹೆಸರು. ಬೆಂಡು ಕೊಡುವ ಕಾರ್ಕ್ ಮರ ಇದೆ. ತಾಳೆ ಮರದ ಹಾಗೆ ನಿಂತ ಮರ-ಜರೀಗಿಡಗಳಿವೆ (ಟ್ರೀ ಫರ್ನ್). ನೀವು ಬೆಟ್ಟ ಹತ್ತುವುದಾದರೆ ತುದಿಯಲ್ಲಿ ತೋಡರ ಮಂದು, ಅಂದರೆ ತೋಡ ಬುಡಕಟ್ಟಿನವರ ಪುಟ್ಟ ಹಳ್ಳಿ ಇದೆ. ಅದು ಜನ ವಾಸ ಮಾಡುವ ಜಾಗ, ಸುಮ್ನೆ ಒಳಗೆ ನುಗ್ಗಿ ಫೋಟೋ ತೆಗೆಯಬೇಡಿ.

ಇದು ಶುರುವಾಗಿದ್ದೇ ತರಕಾರಿ ತೋಟವಾಗಿ ಅನ್ನುವುದು ನಮ್ಮಂಥವರಿಗೆ ಖುಷಿ ಕೊಡುತ್ತದೆ. 1845ರ ಸುಮಾರಿಗೆ ಅಲ್ಲಿದ್ದ ಬಿಳಿಯರು ತಿಂಗಳಿಗೆ ಮೂರು ಮೂರು ರೂಪಾಯಿ ಚಂದಾ ಹಾಕಿ ತರಕಾರಿ ಬೆಳೆಸಿಕೊಳ್ಳುತ್ತಿದ್ದರು. ಅದು ಸರಿಹೋಗದೆ ಆಮೇಲೆ 1848ರಲ್ಲಿ ಮ್ಯಾಕಿವರ್ ಅನ್ನುವವನು ಬಂದು ಈಗಿನ ರೂಪ ಕೊಟ್ಟ. ಚಂದಾ ಹಾಕಿ ತೋಟ ಮಾಡುವುದು ಸರಿಹೋಗುವುದಿಲ್ಲ ಅಂತ ನಮ್ಮ ಅಪಾರ್ಟ್‌ಮೆಂಟಿನವರಿಗೂ ಚೆನ್ನಾಗಿ ಗೊತ್ತು.

ಗಾರ್ಡನ್ ಸಾಕಾಗದಿದ್ದರೆ ಮಧ್ಯಾಹ್ನ ಫರ್ನ್‌ಹಿಲ್ ಕಡೆ ಕರ್ನಾಟಕ ಸಿರಿ ತೋಟಕ್ಕೆ ಹೋಗಿ. 38 ಎಕರೆ, ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆಯದೇ. ತಮಿಳುನಾಡಿನಲ್ಲಿ ಕನ್ನಡ ಫಲಕ ಓದುತ್ತಾ ಓಡಾಡುವುದೇ ಒಂದು ಮಜಾ. ಗುಲಾಬಿ ತೋಟ ಡಿಸೆಂಬರ್‌ನಲ್ಲಿ ಬಿಟ್ಟುಬಿಡಿ.

ಈಗ ಗಿಡ. ಗೇಟಿನ ಹೊರಗೆ ನರ್ಸರಿಯವರು ಸಾಲಾಗಿ ಇಟ್ಟುಕೊಂಡಿರುತ್ತಾರೆ, ನೋಡಿದರೆ ಕೈ ತಡೆಯುವುದಿಲ್ಲ. ಆದರೆ ಲೆಕ್ಕ ಹಾಕಿ: ಮೈಸೂರು ಸುಮಾರು 770 ಮೀಟರ್, ಊಟಿ 2,240. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ತಣ್ಣಗಾಗುತ್ತದೆ, ಅಂದರೆ ನಮಗೂ ಅವರಿಗೂ ಒಂಬತ್ತು ಡಿಗ್ರಿಯಷ್ಟು ವ್ಯತ್ಯಾಸ. ನಾನು ಒಂದು ಫ್ಯೂಷಿಯಾ ತಂದಿದ್ದೆ, ಕಿವಿಯ ಜುಮಕಿ ಥರ ಹೂವು, ಕೆಂಪು ನೇರಳೆ. ಹಗಲು ನೆರಳಿನಲ್ಲಿಟ್ಟೆ, ಕೆಳಗೆ ನೀರಿನ ತಟ್ಟೆ, ಬೆಳಿಗ್ಗೆ ಸಂಜೆ ಸಿಂಪಡಣೆ. ಮೊಗ್ಗು ಉದುರಿತು, ಆಮೇಲೆ ಎಲೆ, ಹನ್ನೊಂದನೇ ದಿನ ಕಡ್ಡಿ ಗೀರಿ ನೋಡಿದೆ, ಒಳಗೆ ಹಸಿರೇ ಇಲ್ಲ. ಅದಕ್ಕೆ ಬೇಕಿದ್ದಿದ್ದು ರಾತ್ರಿಯ ತಂಪು. ಅದನ್ನು ನಾವೆಲ್ಲಿಂದ ತರುವುದು? ಸಿನೆರೇರಿಯಾ, ಕ್ಯಾಲ್ಸಿಯೊಲೇರಿಯಾ, ದೊಡ್ಡ ಹೂವಿನ ಗೆಡ್ಡೆ ಬಿಗೋನಿಯಾ ಇವುಗಳದ್ದೂ ಇದೇ ಗತಿ.

ಉಳಿದಿದ್ದು ಏನು ಅಂದರೆ ಜೆರೇನಿಯಂ ಒಂದು, ಚಳಿಗಾಲಕ್ಕೆ ಚೆನ್ನಾಗಿ ಹೂ ಬಿಟ್ಟಿತು, ಮಳೆಗಾಲದಲ್ಲಿ ಕೊಳೆಯದ ಹಾಗೆ ಸೂರಿನ ಕೆಳಗೆ ಇಡಬೇಕು. ಅಗಪ್ಯಾಂಥಸ್ ಬದುಕಿದೆ, ಆದರೆ ಎಲೆ ಅಷ್ಟೇ, ಹೂವಿನ ಸುದ್ದಿಯೇ ಇಲ್ಲ. ಹೈಡ್ರಾಂಜಿಯಾ ಮಾತ್ರ ನಿಜವಾಗಿ ಒಗ್ಗಿಕೊಂಡಿತು, ಪೂರ್ವದ ಬಿಸಿಲು ಎರಡು ಗಂಟೆ, ಆಮೇಲೆ ನೆರಳು. ಒಂದು ತಮಾಷೆ ನೋಡಿ, ಅಲ್ಲಿ ಆಕಾಶ ನೀಲಿ ಇದ್ದ ಹೂವು ನಮ್ಮನೆಯಲ್ಲಿ ಎರಡನೇ ವರ್ಷಕ್ಕೆ ಗುಲಾಬಿ ಬಣ್ಣ! ನೀಲಗಿರಿಯ ಮಣ್ಣು ಹುಳಿ, ಅದರಲ್ಲಿ ಅಲ್ಯೂಮಿನಿಯಂ ಗಿಡಕ್ಕೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ನಮ್ಮದು ಸುಣ್ಣದ ಅಂಶವಿರುವ ಬೋರ್ ನೀರು. ನರ್ಸರಿಯವರು ಮೋಸ ಮಾಡಿದರು ಅಂತ ಬೈಯ್ಯುವ ಮೊದಲು ಇದು ಗೊತ್ತಿರಲಿ. ಗಾರ್ಡನ್ ಒಳಗೆ ಕಡ್ಡಿ ಮುರಿಯುವುದು, ಬೀಜ ಜೇಬಿಗೆ ಹಾಕುವುದು ಬೇಡ ಅಕ್ಕಾ, ಗುಂಪಿನಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ, ಅದಕ್ಕೇ ಹೇಳಿದೆ.

ದಾರಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬಂಡೀಪುರ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. 2024ರ ಮೇನಿಂದ ನೀಲಗಿರಿಗೆ ಇ-ಪಾಸ್ ಬಂದಿದೆ, ದುಡ್ಡಿಲ್ಲ, ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ನೋಡಿ ಮಾಡಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷೇಧ, ಕಕ್ಕನಹಳ್ಳ ಚೆಕ್‌ಪೋಸ್ಟ್‌ನಲ್ಲಿ ಕಾರು ಬಗ್ಗಿ ನೋಡುತ್ತಾರೆ, ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಮಸಿನಗುಡಿ ಮೇಲಿನ ಕಲ್ಲಹಟ್ಟಿ ಘಾಟಿಯಲ್ಲಿ 36 ತಿರುವು, ಬಲು ಕಡಿದು. ಅತ್ತೆ, ಮಕ್ಕಳು ಇದ್ದಾರೆ, ದೂರವಾದರೂ ಗೂಡಲೂರು ಮೇಲೇ ಹೋಗಿ ಬನ್ನಿ. ವಾಪಸ್ ಬರುವಾಗ ಊಟ ಮುಗಿಸಿ ಎರಡಕ್ಕೆಲ್ಲ ಬಿಟ್ಟರೆ ಕಾಡಿನಲ್ಲಿ ಕತ್ತಲಾಗುವುದಿಲ್ಲ. ರಾತ್ರಿ ರೆಸಾರ್ಟ್ ಅಂಗಳದಲ್ಲಿ ಓಡಾಡುವಾಗ ಟಾರ್ಚ್ ಇರಲಿ, ಕಾಟಿ (ಕಾಡುಕೋಣ) ಊರೊಳಗೇ ಮೇಯಲು ಬರುತ್ತವೆ, ದನದ ಥರ ಸೌಮ್ಯವಾಗಿ ಕಂಡರೂ ಮಕ್ಕಳನ್ನು ಹತ್ತಿರ ಬಿಡಬೇಡಿ.

ಗಿಡ ತಂದೇ ತರುತ್ತೀರಿ ಅಂತ ಗೊತ್ತು. ಕುಂಡ ಡಿಕ್ಕಿಯಲ್ಲಿ ಇಡಬೇಡಿ, ಗೂಡಲೂರು ಇಳಿದ ಮೇಲೆ ಅದು ಒಲೆಯಾಗುತ್ತದೆ. ಹಿಂದಿನ ಸೀಟಿನ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ, ಸುತ್ತ ಒದ್ದೆ ಪೇಪರ್ ತುರುಕಿ ತನ್ನಿ. ಹೈಡ್ರಾಂಜಿಯಾ ಮಾತ್ರ ಕೊಳ್ಳಬೇಡಿ. ನನ್ನ ಹತ್ತಿರ ಮೂರು ಕಡ್ಡಿ ಬೇರು ಬಿಟ್ಟಿವೆ, ಮೈಸೂರಲ್ಲೇ ಇದ್ದೀರಲ್ಲ, ಬಂದು ಒಂದು ತೆಗೆದುಕೊಂಡು ಹೋಗಿ.