ಲಾರಿ ಪ್ಲೇಟಿನ ಕತ್ತಿ ಹದ ಹಾಕುವಾಗ ಬಿರಿಯುವುದಕ್ಕೆ

ಶಿರಸಿ ಗುಜರಿಯಲ್ಲಿ ತಂದ ಲಾರಿ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿದ ಕತ್ತಿ, ಹದ ಹಾಕಲು (ಕೆಂಪಗೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಲು) ನೀರಿಗೆ ಅದ್ದಿದ ಕೂಡಲೇ ಬಿರಿಯಿತು, ಯಾಕೆ ಎಂದು ಕೇಳಿದ್ದೀರಿ. ಬಹುಶಃ ನೀರೇ ಕಾರಣ. ಅದು ಎಣ್ಣೆಯಲ್ಲಿ ಹದ ಹಾಕುವ ಉಕ್ಕು. ನೀರಲ್ಲಿ ತೆಳು ಬಾಯಿ ತಟ್ಟನೆ ತಣಿಯುತ್ತದೆ, ದಪ್ಪ ಬೆನ್ನು ಇನ್ನೂ ಕೆಂಪಗಿರುತ್ತದೆ. ಆ ಎಳೆದಾಟಕ್ಕೇ ಸೀಳುವುದು. ಒಡೆದ ಜಾಗವನ್ನೂ ನೋಡಿ: ಒಳಗೆ ಕಪ್ಪು ಪೊರೆ ಕಟ್ಟಿದ್ದರೆ ಬಿರುಕು ನೀರಿಗೆ ಅದ್ದುವ ಮೊದಲೇ ಇತ್ತು. ಹಾಗಿದ್ದರೆ ಉಳಿದ ತುಂಡನ್ನೂ ನಂಬಬೇಡಿ, ಹೆದ್ದಾರಿ ಬದಿ ಸ್ಪ್ರಿಂಗ್ ಗ್ಯಾರೇಜಿನಲ್ಲಿ ಹೊಸ ಪ್ಲೇಟಿನ ಕಟಿಂಗ್ ಕೇಳಿ.

ಮುಂದಿನ ಸಲ ಬಾಯಿಯನ್ನು ಹದಕ್ಕೆ ಮೊದಲೇ ಚೂಪು ಮಾಡದೆ 1 ಮಿ.ಮೀ. ದಪ್ಪ ಬಿಡಿ. ಬಡಿದು ಮುಗಿದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ತಣಿಸಿ. ಹದಕ್ಕೆ ಕಾಯಿಸುವಾಗ ಅಯಸ್ಕಾಂತ ಹಿಡಿಯದಂತಾದ ಮೇಲೂ ಸ್ವಲ್ಪ ಬಿಸಿ ಏರಿಸಿ (ಸುಮಾರು 840 ಡಿಗ್ರಿ), ಅಲಗು ಪೂರ್ತಿ ಒಂದೇ ಬಣ್ಣಕ್ಕೆ ಬರಲಿ. ನಾಲ್ಕೈದು ಲೀಟರ್ ಶೇಂಗಾ ಎಣ್ಣೆಯನ್ನು 50–60 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟು, ತುದಿ ಕೆಳಗೆ ಮಾಡಿ ನೇರ ಇಳಿಸಿ. ಪಕ್ಕಕ್ಕೆ ಆಡಿಸಿದರೆ ಸೊಟ್ಟಗಾಗುತ್ತದೆ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬೇಡ, ಆ ಹೊಗೆ ಕುಡಿಯುವಂಥದ್ದಲ್ಲ.

ಅರ ಕಚ್ಚದೆ ಜಾರಿದರೆ ಹದ ಬಂದಿದೆ. ಗಡಸಾದ ಕತ್ತಿ ಮುರಿಯದಂತೆ, ನಾಳೆಗೆ ಬಿಡದೆ ಆಗಲೇ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ತಾಸು, ತಣಿಸಿ ಮತ್ತೆ ಎರಡು ತಾಸು ಇಡಿ. ಸೊಪ್ಪು, ಕಟ್ಟಿಗೆ ಕಡಿಯುವ ಕತ್ತಿಯಾದರೆ 230. ಸಾಣೆ ಹಿಡಿಯುವಾಗ ಆಗಾಗ ನೀರಿಗೆ ಅದ್ದಿ. ಬಾಯಿ ನೀಲಿಯಾದರೆ ಅಲ್ಲಿ ಹದ ಹೋಯಿತು.