ಹಳೆಯ, ವಿಚಿತ್ರ ಮಡಚುಚಾಕುಗಳ ಸಂಗ್ರಹ ಎಲ್ಲಿಂದ ಶುರು ಮಾಡಬೇಕು?

ಅಜ್ಜನ ಎರಡಲಗಿನ ಮಡಚುಚಾಕು ಕೈಗೆ ಬಂದಿದೆ, ಇಂಥವನ್ನೇ ಸೇರಿಸುವ ಆಸೆ ಹುಟ್ಟಿದೆ, ಮುಂದೆ ಯಾವುದನ್ನು ಕೊಳ್ಳಲಿ, ಇದನ್ನು ಉಜ್ಜಿ ಹೊಳಪು ಮಾಡಲೇ ಎಂದು ಕೇಳಿದ್ದೀರಿ. ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಉಜ್ಜಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ನಾನು ಶುರು ಮಾಡಿದಾಗ ಹಿಡಿಯ ಅಂದಕ್ಕೆ ಮರುಳಾಗಿ ಕೊಳ್ಳುತ್ತಿದ್ದೆ. ಕೊಂಬು, ಮೂಳೆ, ಮುತ್ತಿನ ಚಿಪ್ಪು ಅಂತ. ಒಂದು ದಿನ ಎಲ್ಲವನ್ನೂ ಮೇಜಿನ ಮೇಲೆ ಹರಡಿ ನೋಡಿದರೆ ಅಂಗಿ ಮಾತ್ರ ಬೇರೆ ಬೇರೆ, ಒಳಗಿನ ಆಸಾಮಿ ಒಬ್ಬನೇ! ಎಲ್ಲದರ ಬೆನ್ನಿನಲ್ಲೂ ಅದೇ ಉಕ್ಕಿನ ಸ್ಪ್ರಿಂಗ್ ಪಟ್ಟಿ, ಅಲಗಿನ ಬುಡವನ್ನು ಒತ್ತಿ ಹಿಡಿದಿರುವುದು. ಅವತ್ತಿನಿಂದ ಯಾವ ಚಾಕು ಕಂಡರೂ ನಾನು ಕೇಳಿಕೊಳ್ಳುವುದು ಒಂದೇ: ಬಿಚ್ಚಿದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ಇದರಲ್ಲಿ ತಡೆಯುವುದು ಯಾವುದು? ವೈಚಿತ್ರ್ಯವೆಲ್ಲ ಅಲ್ಲೇ ಇದೆ.

ತೀರಾ ಸರಳವಾದದ್ದು ಜಪಾನಿನ ಹಿಗೊನೊಕಾಮಿ. 1890ರ ದಶಕದಲ್ಲಿ ಮಿಕಿ ಎಂಬ ಊರಿನಲ್ಲಿ ಹುಟ್ಟಿದ್ದು. ಹಿಡಿಯೆಂದರೆ ಮಡಚಿದ ಲೋಹದ ತಗಡು, ಅಷ್ಟೇ. ಸ್ಪ್ರಿಂಗೂ ಇಲ್ಲ, ಬೀಗವೂ ಇಲ್ಲ. ಅಲಗಿನ ಬುಡದಿಂದ ಒಂದು ಪುಟ್ಟ ಬಾಲ ಹೊರಗೆ ಚಾಚಿರುತ್ತದೆ. ಕೊಯ್ಯುವಾಗ ಹೆಬ್ಬೆರಳಿನಿಂದ ಅದನ್ನು ಅದುಮಿ ಹಿಡಿದರೆ ನಿಮ್ಮ ಹೆಬ್ಬೆರಳೇ ಬೀಗ. ಜಪಾನಿನ ಶಾಲಾಮಕ್ಕಳು ಒಂದು ಕಾಲಕ್ಕೆ ಇದರಿಂದಲೇ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಬಿಗಿ ಸಡಿಲವಾದರೆ ತಿರುಗಣಿಯ ರಿವೆಟ್ಟಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಎರಡೇಟು ಹಾಕಿದರೆ ಮುಗಿಯಿತು.

ಫ್ರಾನ್ಸಿನ ಒಪಿನೆಲ್ ಕೂಡ 1890ರಲ್ಲಿ ಹಾಗೇ ಶುರುವಾದದ್ದು, ಮರದ ಹಿಡಿಯ ಬಿಗಿತವನ್ನೇ ನಂಬಿಕೊಂಡು. ಹಿಡಿಯ ಕುತ್ತಿಗೆಯಲ್ಲಿ ತಿರುಗಿ ಅಲಗಿಗೆ ಬೀಗ ಹಾಕುವ ಉಕ್ಕಿನ ಬಳೆ ಬಂದದ್ದು 1955ರಲ್ಲಿ. ಆದ್ದರಿಂದ ಬಳೆಯಿಲ್ಲದ ದೊಡ್ಡ ಒಪಿನೆಲ್ ಸಿಕ್ಕರೆ ಎರಡು ಸಲ ನೋಡಿ. ಮರ ನೆನೆದು ಉಬ್ಬಿದರೆ ಅಲಗು ಹೊರಗೆ ಬರಲು ಹಟ ಮಾಡುತ್ತದೆ. ಆಗ ಉಗುರು ಮುರಿದುಕೊಳ್ಳಬೇಕಿಲ್ಲ, ಹಿಡಿಯ ಹಿಂತುದಿಯನ್ನು ಮೇಜಿಗೆ ಟಕ್ಕೆಂದು ಕುಟ್ಟಿದರೆ ಅಲಗು ತಾನೇ ತಲೆ ಎತ್ತುತ್ತದೆ. ಆಲ್ಪ್ಸ್ ಸೀಮೆಯವರ ಹಳೆಯ ಉಪಾಯವಿದು.

ಸದ್ದು ಬೇಕೆಂದರೆ ಸ್ಪೇನಿನ ನವಾಹಾ. ಅಲಗಿನ ಬುಡದಲ್ಲಿ ಹಲ್ಲುಗಳಿದ್ದು, ಬಿಚ್ಚುವಾಗ ಒಂದೊಂದೇ ಹಲ್ಲು ಸ್ಪ್ರಿಂಗಿಗೆ ಸಿಕ್ಕಿ ಕರಕರ ಎನ್ನುತ್ತದೆ. ಅಲ್ಬಸೆತೆ ಊರಿನವು ಹೆಸರಾದವು. ಸದ್ದಿನ ಮೋಹಕ್ಕೆ ಬಿದ್ದು ಪದೇ ಪದೇ ಬಿಚ್ಚಬೇಡಿ, ಹಲ್ಲು ಸವೆಯುತ್ತದೆ (ನನ್ನದರ ಮೊದಲ ಹಲ್ಲು ಹೋಗಿದೆ, ತಪ್ಪು ನನ್ನದೇ).

ನನಗೆ ಅತಿ ಪ್ರಿಯವಾದದ್ದು ಸ್ವೀಡನ್ನಿನ ಎಸ್ಕಿಲ್ಸ್ಟುನಾದ ಪೀಪಾಯಿ ಚಾಕು. ನೋಡಲು ನಡು ಉಬ್ಬಿದ ಮರದ ತುಂಡು. ಒಳಗಿನ ಲೋಹದ ಚೌಕಟ್ಟನ್ನು ಪೂರ್ತಿ ಹೊರಗೆಳೆದು, ಅದರಲ್ಲಿ ಮಡಚಿ ಕೂತ ಅಲಗನ್ನು ಬಿಚ್ಚಿ, ಚೌಕಟ್ಟನ್ನು ಮತ್ತೆ ಮರದೊಳಗೆ ತಳ್ಳಬೇಕು. ಆಮೇಲೆ ಅಲಗು ಮಡಚಿಕೊಳ್ಳಲು ಜಾಗವೇ ಇರುವುದಿಲ್ಲ. ನೆಂಟರ ಕೈಗೆ ಕೊಟ್ಟು ಬಿಚ್ಚಿ ನೋಡೋಣ ಎಂದರೆ ಅರ್ಧ ಗಂಟೆ ಮನೆ ಶಾಂತ.

ಈ ಬೀಗದ ವಿಷಯ ಕಾನೂನಿಗೂ ತಾಗುತ್ತದೆ. ಬ್ರಿಟನ್ನಿನಲ್ಲಿ 3 ಇಂಚಿನೊಳಗಿನ ಮಡಚುಚಾಕನ್ನು ಕಾರಣವಿಲ್ಲದೆಯೂ ಜೇಬಿನಲ್ಲಿಡಬಹುದು, ಆದರೆ ಅಲಗು ಬೀಗ ಬೀಳುವಂಥದ್ದಾದರೆ ಆ ವಿನಾಯಿತಿ ಇಲ್ಲ. ಅಂಚೆಯಲ್ಲಿ ತರಿಸುವ ಮೊದಲು ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ.

ಇನ್ನು ಉಜ್ಜುವ ಮಾತು. ಹಳೆಯ ಕಾರ್ಬನ್ ಸ್ಟೀಲ್ ಅಲಗಿನ ಮೇಲಿನ ಬೂದು, ಕಪ್ಪು ಬಣ್ಣ ಕೊಳೆಯಲ್ಲ, ಉಕ್ಕು ತಾನೇ ಹೊದ್ದುಕೊಂಡ ಪದರ. ಕೆಂಪು ತುಕ್ಕು ಮಾತ್ರ ಶತ್ರು, ಅದನ್ನು ಎಣ್ಣೆಬಟ್ಟೆಯಿಂದ ಮೆಲ್ಲಗೆ ತೆಗೆಯಿರಿ. ಚಕ್ರಕ್ಕೆ ಹಿಡಿದು ಫಳಫಳ ಮಾಡಿದರೆ ಅಲಗಿನ ಬುಡದ ತಯಾರಕರ ಗುರುತೂ ಸವೆದುಹೋಗುತ್ತದೆ. ಚಾಕುವಿನ ಜಾತಕ ಇರುವುದು ಅಲ್ಲೇ. ಅಮೆರಿಕದ ಕೇಸ್ ಕಂಪನಿ 1970ರಲ್ಲಿ ಆ ಗುರುತಿನ ಕೆಳಗೆ ಹತ್ತು ಚುಕ್ಕೆ ಹಾಕಿ, ವರ್ಷಕ್ಕೊಂದರಂತೆ ಕಮ್ಮಿ ಮಾಡುತ್ತ ಬಂತು. ಏಳು ಚುಕ್ಕೆ ಇದ್ದರೆ 1973. ಉಜ್ಜಿ ಎರಡು ಚುಕ್ಕೆ ಅಳಿಸಿದಿರೋ, ಅದರ ವಯಸ್ಸನ್ನೇ ಸುಳ್ಳು ಮಾಡಿದಂತೆ.

ಚರ್ಮದ ಒರೆಯಲ್ಲಿಟ್ಟು ಮರೆಯಬೇಡಿ, ಚಾಕುವಿನ ಹಿತ್ತಾಳೆ ಭಾಗಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ಪಾಠ ನನಗೆ ಕಲಿಸಿದ್ದು ಸೆಲ್ಯುಲಾಯ್ಡ್, ಅಂದರೆ ಹಿಂದೆ ಹಿಡಿಗಳಿಗೆ ಬಳಸುತ್ತಿದ್ದ ಹಳೆಯ ಕಾಲದ ಪ್ಲಾಸ್ಟಿಕ್. ಆಮೆಚಿಪ್ಪಿನಂತೆ ಮಿನುಗುವ ಹಿಡಿಯ ಚಾಕೊಂದನ್ನು ಇನ್ನೂ ಆರರ ಜೊತೆ ತಗಡಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಹಳೆಯ ಸೆಲ್ಯುಲಾಯ್ಡ್ ಕೊಳೆಯುವಾಗ ಆಮ್ಲದ ಆವಿ ಬಿಡುತ್ತದೆ. ಮುಂದಿನ ವರ್ಷ ತೆರೆದಾಗ ಏಳೂ ತುಕ್ಕು. ನಿಮ್ಮ ಅಜ್ಜನ ಚಾಕುವಿನ ಹಿಡಿಯಲ್ಲಿ ಸಣ್ಣ ಸಣ್ಣ ಬಿರುಕುಗಳಿವೆಯೇ, ಮೂಗಿನ ಹತ್ತಿರ ತಂದರೆ ಕರ್ಪೂರದಂಥದೋ ಹುಳಿಯಂಥದೋ ವಾಸನೆ ಬರುತ್ತದೆಯೇ, ಇವತ್ತೇ ನೋಡಿ. ಬಂದರೆ ಅದನ್ನು ಒಂಟಿಯಾಗಿ, ಗಾಳಿಯಾಡುವ ಕಡೆ ಇಡಿ.